ನೇಗಿಲಿಗೆ ಸಿಕ್ಕ ಕಂಚಿನ ಯಕೃತ್ತು

ಮಿಲಾನಿನಿಂದ ಬೊಲೊನ್ಯಾ ಕಡೆಗಿನ ರೈಲು ಹಿಡಿದರೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಪೋ ನದಿಯ ಸೇತುವೆ ದಾಟಿದ ಕೂಡಲೇ ಪಿಯಾಚೆನ್ಸಾ. ಹೆಚ್ಚಿನ ಪ್ರವಾಸಿಗರು ಇಲ್ಲಿ ಇಳಿಯದೆ ಮುಂದೆ ಹೋಗಿಬಿಡುತ್ತಾರೆ. ರೋಮನ್ನರಿಗಿಂತ ಮುಂಚೆ ಮಧ್ಯ ಇಟಲಿಯಲ್ಲಿ ಬೆಳಗಿದ ಎತ್ರುಸ್ಕನ್ನರು ದೇವರ ಮನಸ್ಸನ್ನು ಹೇಗೆ ಓದುತ್ತಿದ್ದರು ಎಂಬ ಕುತೂಹಲ ಇದ್ದರೆ ಇಳಿಯಲೇಬೇಕಾದ ಊರು ಇದು. ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತುವ ಮುಂಚೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ, ಮರೆತರೆ ದಂಡ. ನಿಲ್ದಾಣದಿಂದ ಪಲಾತ್ಸೋ ಫರ್ನೇಸೆಗೆ ಕಾಲು ಗಂಟೆಯ ನಡಿಗೆ. 1558ರಲ್ಲಿ ಶುರುವಾಗಿ ಅರ್ಧಕ್ಕೇ ನಿಂತುಹೋದ ಈ ಅರಮನೆಯೇ ಈಗ ನಗರದ ಮ್ಯೂಸಿಯಂ, ಕಂಚಿನ ಯಕೃತ್ತು ಇರುವುದು ಇಲ್ಲೇ. ಇಟಲಿಯ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ, ಆ ದಿನ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ.

ಗಾಜಿನ ಪೆಟ್ಟಿಗೆಯಲ್ಲಿರುವ ವಸ್ತು ಚಿಕ್ಕದು. ಉದ್ದ 12.6 ಸೆಂಟಿಮೀಟರ್, ಅಗಲ 7.6, ಎತ್ತರ 6, ತೂಕ ಸುಮಾರು 635 ಗ್ರಾಂ. ಕುರಿಯ ಯಕೃತ್ತಿನ ಕಂಚಿನ ಪ್ರತಿರೂಪ. ಮೊದಲ ಸಲ ನೋಡುವವರಿಗೆ ಹಸಿರುಗಟ್ಟಿದ ಲೋಹದ ಮುದ್ದೆಯೊಂದರ ಮೇಲೆ ಮೂರು ಗುಬುಟು ಎದ್ದಂತೆ ಕಾಣುತ್ತದೆ, ಅಷ್ಟೇ. ಎರಡು ನಿಮಿಷ ನಿಂತು ಮುಂದೆ ಹೋಗಿಬಿಡುವುದು ಇದೇ ಕಾರಣಕ್ಕೆ. ಆದ್ದರಿಂದ ಹೊರಡುವ ಮೊದಲೇ ಇದರ ರೇಖಾಚಿತ್ರವೊಂದನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ. ಆಗ ಒಂದು ಗಂಟೆಯೂ ಸಾಲದು.

ಮೊದಲು ಗುಬುಟುಗಳನ್ನು ಗುರುತಿಸಿ. ಉದ್ದಕ್ಕೆ ಮಲಗಿದಂತಿರುವುದು ಪಿತ್ತಕೋಶ. ಮೊನಚಾಗಿ ಗೋಪುರದಂತೆ ಎದ್ದಿರುವುದು ಯಕೃತ್ತಿನ ಹಿಂದಿನ ಚಾಚು. ಅದರ ಪಕ್ಕದ ಪುಟ್ಟ ಉಬ್ಬು ಮೂರನೆಯದು. ಇವು ಅಲಂಕಾರಕ್ಕೆ ಮಾಡಿದವಲ್ಲ. ಬಲಿಕೊಟ್ಟ ಕುರಿಯ ಯಕೃತ್ತನ್ನು ಪುರೋಹಿತ ಎಡಗೈಯಲ್ಲಿ ಹಿಡಿದು, ಈ ಭಾಗಗಳು ಊದಿವೆಯೋ, ಸುಕ್ಕಾಗಿವೆಯೋ, ಇಲ್ಲವೇ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದ. ಎತ್ರುಸ್ಕನ್ನರ ಊರಾದ ವಲ್ಚಿಯಲ್ಲಿ ಸಿಕ್ಕ, ಈಗ ವ್ಯಾಟಿಕನ್‌ನಲ್ಲಿರುವ ಕಂಚಿನ ಕನ್ನಡಿಯ ಹಿಂಬದಿಯಲ್ಲಿ ರೆಕ್ಕೆಯುಳ್ಳ ಪುರೋಹಿತನೊಬ್ಬ ಬಂಡೆಯ ಮೇಲೆ ಕಾಲಿಟ್ಟು ಬಾಗಿ ಇದೇ ಕೆಲಸದಲ್ಲಿ ಮುಳುಗಿದ್ದಾನೆ.

ಆಮೇಲೆ ಅಂಚಿಗೆ ಬನ್ನಿ. ಸುತ್ತಲೂ 16 ಮನೆಗಳಿವೆ. ಎತ್ರುಸ್ಕನ್ನರು ಆಕಾಶವನ್ನು 16 ಭಾಗ ಮಾಡಿದ್ದರೆಂದು ರೋಮನ್ ಲೇಖಕ ಸಿಸೆರೊ ಬರೆದಿದ್ದಾನೆ. ಈ ಅಂಚು ಅದೇ ಆಕಾಶ. ಪ್ರತಿ ಮನೆಯಲ್ಲೂ ದೇವರ ಹೆಸರಿದೆ. ಒಳಗಡೆ ಒಂದು ಪಕ್ಕದಲ್ಲಿ ಚಕ್ರದ ಅರೆಗಳಂತೆ, ಇನ್ನೊಂದು ಪಕ್ಕದಲ್ಲಿ ಚೌಕಗಳಂತೆ ಮತ್ತಷ್ಟು ಮನೆಗಳು. ಹೀಗೆ ಒಟ್ಟು ಸುಮಾರು 40 ಬರಹಗಳು. ಬಲಿಯ ಯಕೃತ್ತಿನಲ್ಲಿ ಯಾವ ಮನೆಯ ಜಾಗದಲ್ಲಿ ಕಲೆ ಕಂಡಿತೋ ಆ ಮನೆಯ ದೇವರು ಮಾತಾಡಿದ ಎಂದರ್ಥ.

ಓದಲು ಹೊರಟವರು ಎಡವುವುದು ದಿಕ್ಕಿನಲ್ಲಿ. ಎತ್ರುಸ್ಕನ್ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ. ಅಂಚಿನ ಹೆಸರುಗಳು ವಸ್ತುವನ್ನು ಸುತ್ತುಹಾಕಿರುವುದರಿಂದ ಒಂದೇ ಕಡೆ ನಿಂತರೆ ಅರ್ಧ ಅಕ್ಷರಗಳು ತಲೆಕೆಳಗಾಗಿ ಕಾಣುತ್ತವೆ. ಕೈಯಲ್ಲಿರುವ ಚಿತ್ರವನ್ನು ತಿರುಗಿಸುತ್ತಾ ಹೋಲಿಸಿ. ಲಿಪಿ ಗ್ರೀಕ್‌ನಿಂದ ಬಂದದ್ದು, ಹಾಗಾಗಿ ಉಚ್ಚಾರಣೆ ತಿಳಿಯುತ್ತದೆ. ಭಾಷೆಗೆ ಹತ್ತಿರದ ನೆಂಟರು ಕಡಿಮೆಯಾದ್ದರಿಂದ ಅರ್ಥ ಮಾತ್ರ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಶುರು ಮಾಡಲು ಸುಲಭದ ಹೆಸರು ದ್ರಾಕ್ಷಾರಸದ ದೇವರು ಫುಫ್ಲುನ್ಸ್. ಎತ್ರುಸ್ಕನ್ 'ಫ' ಅಕ್ಷರ 8ರ ಆಕಾರದ್ದು. ಒಂದೇ ಹೆಸರಿನಲ್ಲಿ ಎರಡು 8 ಹುಡುಕಿದರೆ ಆಯಿತು. ದೇವರ ರಾಜ ತಿನ್‌ನ ಹೆಸರು ಒಂದರ ಪಕ್ಕ ಒಂದು ಮೂರು ಮನೆಗಳಲ್ಲಿದೆ, ನಾಲ್ಕನೆಯದರಲ್ಲಿ ಅವನ ರಾಣಿ ಊನಿ. ಉಬ್ಬಿದ ಕೆಳಬದಿಯಲ್ಲಿ ಎರಡೇ ಪದ: ಯಕೃತ್ತಿನ ಒಂದು ಭಾಗಕ್ಕೆ ಸೂರ್ಯನ ಹೆಸರು, ಇನ್ನೊಂದಕ್ಕೆ ಚಂದ್ರನದು. ಈ ಬದಿಯ ಚಿತ್ರವೂ ಜೊತೆಗಿರಲಿ.

ಇದು ಸಿಕ್ಕಿದ್ದು 1877ರ ಸೆಪ್ಟೆಂಬರ್ 26ರಂದು, ಗೊಸ್ಸೊಲೆಂಗೊ ಬಳಿಯ ಸೆತ್ತಿಮಾದಲ್ಲಿ, ಹೊಲ ಉಳುವಾಗ. ನಗರದಿಂದ ನೈಋತ್ಯಕ್ಕೆ ಹತ್ತು ಕಿಲೋಮೀಟರಿನ ಆಸುಪಾಸು, ತ್ರೆಬ್ಬಿಯಾ ನದಿಯ ಬಲದಂಡೆಯ ಬಯಲು. ಬಸ್ಸಿನಲ್ಲಿ ಹೋಗುವುದಾದರೆ ವಾಪಸಾಗುವ ಬಸ್ಸಿನ ಹೊತ್ತನ್ನೂ ಮೊದಲೇ ನೋಡಿಟ್ಟುಕೊಳ್ಳಿ. ಸಮತಟ್ಟು ನೆಲವಾದ್ದರಿಂದ ಸೈಕಲ್ಲೇ ವಾಸಿ. ಉತ್ಖನನದ ಗುಂಡಿ, ಗೋಡೆ, ದೇವಾಲಯ ಎಂದು ಹುಡುಕಬೇಡಿ, ಇದು ಬರೀ ಬೇಸಾಯದ ಸೀಮೆ. ಕ್ರಿ.ಪೂ. 218ರಲ್ಲಿ ಕಾರ್ಥೇಜಿನ ಸೇನಾಪತಿ ಹನಿಬಾಲ್ ರೋಮನ್ನರನ್ನು ಸೋಲಿಸಿದ್ದು ಇದೇ ತ್ರೆಬ್ಬಿಯಾ ದಂಡೆಯಲ್ಲಿ. ಯಕೃತ್ತು ಅದಕ್ಕಿಂತ ಸುಮಾರು ನೂರು ವರ್ಷ ಈಚಿನದು.

ಆ ಕಾಲವನ್ನೂ ಅಕ್ಷರಗಳ ರೂಪ ನೋಡಿಯೇ ಅಂದಾಜು ಮಾಡಬೇಕಾಯಿತು. ನೇಗಿಲು ಎತ್ತಿಹಾಕಿದ ವಸ್ತುವಿಗೆ ಸುತ್ತಲಿನ ಮಣ್ಣಿನ ಪದರವಿಲ್ಲ, ಜೊತೆಗಿದ್ದ ಮಡಕೆ ಚೂರಿಲ್ಲ. ಎತ್ರುಸ್ಕನ್ನರ ಸೀಮೆಯಿಂದ ಇಷ್ಟು ಉತ್ತರಕ್ಕೆ, ಆಗಲೇ ರೋಮನ್ನರ ಕೈಸೇರಿದ್ದ ನೆಲಕ್ಕೆ, ಇದನ್ನು ಯಾರು ತಂದರು? ಸೈನ್ಯದ ಜೊತೆ ಬಂದ ಪುರೋಹಿತನೇ, ಊರೂರು ತಿರುಗುವ ಶಕುನಗಾರನೇ? ಉತ್ತರ ಇರಬಹುದಾಗಿದ್ದ ಜಾಗ ನೇಗಿಲಿನ ಆ ಒಂದು ಸಾಲಿನಲ್ಲೇ ಕದಡಿಹೋಯಿತು. ಅದಕ್ಕೇ ಇಲ್ಲಿ ನಡೆದಾಡುವಾಗ ಮಣ್ಣಿನಲ್ಲಿ ಏನಾದರೂ ಹೊಳೆದರೆ ಕೈಹಾಕಬೇಡಿ. ಇಟಲಿಯ 2004ರ ಕಾನೂನಿನಂತೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ಅಥವಾ ಮೇಯರ್‌ಗೆ ತಿಳಿಸಿ, ಅವರು ಬರುವ ತನಕ ವಸ್ತು ಇದ್ದ ಹಾಗೆಯೇ ಬಿಡಬೇಕು. ಅದನ್ನು ಕಾಪಾಡಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎತ್ತಿಡಬಹುದು.