ಎರಡು ಗೆರೆಗಳ ನಡುವಿನ ಅಂತರ

ನಮ್ಮ ಸ್ಟ್ರಾಂಷಿಯಂ ಗಡಿಯಾರ ರಾತ್ರಿಯೆಲ್ಲ ತೆಪ್ಪಗಿರುತ್ತಿತ್ತು. ಹಗಲಾದರೆ ಸಾಕು, ಅಳತೆಯಲ್ಲಿ ಏರುಪೇರು ಜಾಸ್ತಿ. ಮೊದಲು ಲೇಸರ್ ಮೇಲೆ ಅನುಮಾನ ಬಂತು, ಆಮೇಲೆ ಏಸಿ ಮೇಲೆ. ಎರಡೂ ಸರಿಯಾಗಿಯೇ ಇದ್ದವು.

ಈ ಗಡಿಯಾರಕ್ಕೆ ಮುಳ್ಳಿಲ್ಲ, ಸ್ಟ್ರಾಂಷಿಯಂ ಎಂಬ ಲೋಹದ ಪರಮಾಣುಗಳ ಮಿಡಿತವೇ ಅದರ ಟಿಕ್‌ಟಿಕ್. ಗಾಳಿಯೆಲ್ಲ ಹೊರತೆಗೆದ ಪೆಟ್ಟಿಗೆಯೊಳಗೆ ಪರಮಾಣುಗಳನ್ನು 461 ನ್ಯಾನೋಮೀಟರಿನ ನೀಲಿ ಲೇಸರ್‌ನಿಂದ ತಡೆದು ನಿಲ್ಲಿಸುತ್ತೇವೆ. ಆಮೇಲೆ 689ರ ಕೆಂಪು ಲೇಸರ್ ಅವನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಗಾಜಿನ ಕಿಟಕಿಯಾಚೆ ಪುಟ್ಟ ನೀಲಿ ಚುಕ್ಕೆಯೊಂದು ತೇಲುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಇಷ್ಟು ವರ್ಷವಾದರೂ ಅದನ್ನೊಮ್ಮೆ ಬಗ್ಗಿ ನೋಡದೆ ನನಗೆ ಕೆಲಸ ಶುರು ಮಾಡಲು ಮನಸ್ಸು ಬರುವುದಿಲ್ಲ. 1967ರಿಂದ ಸೆಕೆಂಡನ್ನು ನಿಗದಿ ಮಾಡಿರುವ ಸೀಸಿಯಂನ ಮಿಡಿತ ಸೆಕೆಂಡಿಗೆ ಸುಮಾರು 919 ಕೋಟಿ. ಸ್ಟ್ರಾಂಷಿಯಂನದು ಸುಮಾರು 429 ಲಕ್ಷ ಕೋಟಿ.

ಪರಮಾಣು ಯಾವ ಮಿಡಿತದ ಬೆಳಕನ್ನು ಹೀರುತ್ತದೋ ಅದನ್ನು ನಾವು ಗೆರೆ ಅನ್ನುತ್ತೇವೆ. ಕಾಂತಕ್ಷೇತ್ರ ಆ ಗೆರೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೇ ವಿರುದ್ಧ ದಿಕ್ಕಿಗೆ ಸರಿಯುವ ಎರಡು ಗೆರೆಗಳನ್ನು ಒಂದಾದ ಮೇಲೊಂದು ಅಳೆದು ಸರಾಸರಿ ತೆಗೆಯುತ್ತೇವೆ. ಆದರೆ ಎರಡನೆಯದನ್ನು ಅಳೆಯುವಷ್ಟರಲ್ಲಿ ಕ್ಷೇತ್ರವೇ ಬದಲಾದರೆ ಸರಾಸರಿ ಕೈಕೊಡುತ್ತದೆ.

"ಸರ್, ಗೆರೆಗಳ ಅಂತರವನ್ನೇ ಒಂದ್ಸಲ ಗ್ರಾಫ್ ಹಾಕಿ ನೋಡೋಣ್ವಾ?" ಅಂದಳು ಜೊತೆಗಿದ್ದ ವಿದ್ಯಾರ್ಥಿನಿ. ಹಾಕಿದೆವು. ಸುಮ್ನೆ ನಡುಗುವ ಗೆರೆ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಮೆಟ್ಟಿಲುಗಳು! ಏರುವುದು, ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಇಳಿಯುವುದು. ಅವಳು ಪರದೆಯನ್ನೇ ನೋಡುತ್ತ ನಿಂತಳು, ತಟ್ಟನೆ ಹೊರಗೋಡಿ ಲಿಫ್ಟ್ ಹತ್ತಿದಳು. "ಎರಡನೇ ಮಹಡಿ, ಸರ್" ಎಂದು ಫೋನಿನಲ್ಲಿ ಹೇಳಿದಾಗ ನನ್ನ ಮುಂದೆ ಗ್ರಾಫ್ ಒಂದು ಮೆಟ್ಟಿಲು ಸರಿದಿತ್ತು. "ಮೂರನೇದು." ಇನ್ನೊಂದು ಮೆಟ್ಟಿಲು.

ಲಿಫ್ಟಿನ ಉಕ್ಕು ಸುತ್ತಲಿನ ಕಾಂತಕ್ಷೇತ್ರವನ್ನು ಅಷ್ಟಿಷ್ಟು ಬದಲಿಸುತ್ತಿತ್ತು, ಪರಮಾಣುಗಳಿಗೆ ಅದು ಗೊತ್ತಾಗುತ್ತಿತ್ತು. ಕಾಂತಕ್ಷೇತ್ರ ತಡೆಯುವ ಹೊದಿಕೆ ಹಾಕಿ, ಸರಿದೂಗಿಸುವ ತಂತಿ ಸುರುಳಿ ಸುತ್ತಿ ಗಡಿಯಾರವನ್ನು ಸರಿಮಾಡಿದೆವು. ನನ್ನ ತಲೆಯಲ್ಲಿ ಮಾತ್ರ ಆ ಮೆಟ್ಟಿಲುಗಳೇ ಉಳಿದವು. ಸರಾಸರಿ ತೆಗೆದ ಮೇಲೆ ನಾವು ಕಸವೆಂದು ಬಿಸಾಡುತ್ತಿದ್ದ ಗೆರೆಗಳ ಅಂತರದಲ್ಲಿ ಕಾಂತಕ್ಷೇತ್ರದ ಒಂದು ಒಳ್ಳೆಯ ಸೆನ್ಸರ್ ಕೂತಿತ್ತು.

ನಾನು ಸೆನ್ಸರ್‌ಗಳ ಕಡೆಗೆ ಹೊರಳಿದ್ದು ಅಲ್ಲಿಂದಲೇ. ಗುರುತ್ವದ್ದೂ ಇದೇ ಕಥೆ. ಗಡಿಯಾರವನ್ನು 1 ಸೆಂಟಿಮೀಟರ್ ಮೇಲೆತ್ತಿದರೆ ಅದು ಕೋಟಿ ಕೋಟಿ ಕೋಟಿಯಲ್ಲಿ ಸಾವಿರ ಪಾಲಿನಷ್ಟು ಬೇಗ ಓಡುತ್ತದೆ. ಸಮಯ ಅಳೆಯುವವರಿಗೆ ಇದು ತಲೆನೋವು, ಎತ್ತರ ಅಳೆಯುವವರಿಗೆ ವರ. ಜಪಾನಿನ ಭೌತವಿಜ್ಞಾನಿ ಕಟೋರಿ ಅವರ ತಂಡ ಟೋಕಿಯೊ ಸ್ಕೈಟ್ರೀ ಗೋಪುರದಲ್ಲಿ 450 ಮೀಟರ್ ಮೇಲೊಂದು, ಕೆಳಗೊಂದು ಸ್ಟ್ರಾಂಷಿಯಂ ಗಡಿಯಾರವಿಟ್ಟು ಈ ವ್ಯತ್ಯಾಸವನ್ನು ಅಳೆದು 2020ರಲ್ಲಿ ಪ್ರಕಟಿಸಿತು. ಲ್ಯಾಬಿನಿಂದ ಹೊರಗೆ ಒಯ್ದರೂ ಕೆಡದಂಥ ಗಡಿಯಾರ ಕಟ್ಟುವುದೇ ಈಗ ನನ್ನ ಕೆಲಸ.