ಕೋಹಾ ರಿಪೋರ್ಟಿನಲ್ಲಿ ಕಾಣದ ಓದುಗರು

ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ರಾತ್ರಿ ಎಂಟರವರೆಗೆ ತೆರೆದಿಡಬೇಕೇ ಎಂಬ ವಿಷಯ ಸಲಹಾ ಸಮಿತಿಗೆ ಬಂದಾಗ ಹಣಕಾಸು ವಿಭಾಗದವರು ಕೇಳಿದ್ದು ಒಂದೇ ಪ್ರಶ್ನೆ: “ನಾಕರ ಮ್ಯಾಲ ಎಷ್ಟ ಪುಸ್ತಕ ಇಶ್ಯೂ ಆಗ್ತಾವ್ರಿ?” ಗ್ರಂಥಾಲಯದ ಲೆಕ್ಕವಿಡುವ ತಂತ್ರಾಂಶ ಕೋಹಾದಿಂದ ತೆಗೆದ ರಿಪೋರ್ಟ್ ನನ್ನ ಕೈಯಲ್ಲೇ ಇತ್ತು. ಸಂಜೆಯ ಸಾಲುಗಳು ಹೆಚ್ಚುಕಡಿಮೆ ಖಾಲಿ. ಅಧ್ಯಕ್ಷರು ನೋಡಿದರು, ಪಕ್ಕಕ್ಕಿಟ್ಟರು, ಮುಂದಿನ ವಿಷಯದ ಹಾಳೆ ತಿರುವಿದರು. ಯಾರೂ ಮಾತಾಡಲಿಲ್ಲ.

ಚಹಾ ಕೊಡಲು ಬಂದಿದ್ದ ನಮ್ಮ ಅಟೆಂಡರ್ ಕಾಕಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. “ಸಾಹೇಬ್ರ, ಇಶ್ಯೂ ಯಾಕ ಆಗಬೇಕ್ರಿ? ಹುಡುಗ್ರು ತಮ್ಮ ಪುಸ್ತಕ ತಾವ ತರ್ತಾರ. ಐದೂವರಿಗೆ ನಾ ಫ್ಯಾನ್ ಬಂದ್ ಮಾಡಿದ್ರ ಹೊರಗ ಪಾವಟಗಿ ಮ್ಯಾಲ ಕುಂತು ಓದತಾರ. ಬಂದು ನೋಡ್ರಿ.”

ಅಧ್ಯಕ್ಷರು ಹಾಳೆಯನ್ನು ಹಿಂದಕ್ಕೆ ತಿರುವಿದರು. ಕೋಹಾದ ಇಶ್ಯೂ ರಿಪೋರ್ಟ್ ಎಣಿಸುವುದು ಹೊರಗೆ ಹೋದ ಪುಸ್ತಕಗಳನ್ನು, ತುಂಬಿದ ಕುರ್ಚಿಗಳನ್ನಲ್ಲ. ಪಿಡಿಒ ಪರೀಕ್ಷೆಗೆ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆಸೆಟ್‌ಗೆ ಓದುವವರಿಗೆ ಬೇಕಾದದ್ದು ಟೇಬಲ್, ಬೆಳಕು, ಗದ್ದಲವಿಲ್ಲದ ಜಾಗ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಪುಸ್ತಕ ಇರುವುದು ಬಳಕೆಗೆ ಎಂಬ ಮೊದಲ ಸೂತ್ರದಡಿ ಗ್ರಂಥಾಲಯ ತೆರೆದಿರುವ ಹೊತ್ತಿನ ಬಗ್ಗೆಯೂ ಬರೆದರು. ಆ ಸೂತ್ರವನ್ನು ಗೋಡೆಗೆ ಬರೆಸಿದ ನಾವು ಹೊತ್ತಿನ ಮಾತಿಗೆ ಇಶ್ಯೂ ಲೆಕ್ಕ ಕೇಳುವುದು ತಪ್ಪು.

ಆದರೆ ರಾತ್ರಿ ಎಂಟು ಯಾರಿಗೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೈಲಹೊಂಗಲ, ಹುಕ್ಕೇರಿ ಕಡೆಯಿಂದ ದಿನಾ ಬಸ್ಸಿಗೆ ಬಂದುಹೋಗುವ ಹುಡುಗಿಯರಿದ್ದಾರೆ. ಅವರಿಗೆ ಐದೂವರೆಯ ಬಸ್ ತಪ್ಪಿದರೆ ಮನೆ ಮುಟ್ಟುವ ಚಿಂತೆ. ಹಾಸ್ಟೆಲ್ ಹುಡುಗಿಯರಿಗೆ ಏಳಕ್ಕೆ ಹಾಜರಿ. ಸಂಜೆಯಷ್ಟೇ ವಿಸ್ತರಿಸಿದರೆ ಅದು ಗಂಡುಹುಡುಗರ ವಾಚನಾಲಯವಾಗುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಬಂದವರು ಹತ್ತರವರೆಗೆ ಕ್ಯಾಂಟೀನ್ ಕಟ್ಟೆಯ ಮೇಲೆ ಕೂತಿರುವುದನ್ನು ನಾನು ದಿನಾ ನೋಡುತ್ತಿದ್ದೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೇ ತೆರೆಯಬೇಕೆಂದು ಪಟ್ಟು ಹಿಡಿದೆ. ಪುಸ್ತಕದ ಕಪಾಟುಗಳಿರುವ ಸ್ಟ್ಯಾಕ್‌ಗೆ ಬೀಗ, ರೀಡಿಂಗ್ ಹಾಲ್ ಮಾತ್ರ ತೆರೆದಿರಬೇಕು. ಸಂಜೆಯದು ಪರೀಕ್ಷೆ ಮುಗಿಯುವವರೆಗೆ ಪ್ರಾಯೋಗಿಕ. ಸಮಿತಿ ಒಪ್ಪಿತು.

ಒಪ್ಪಿದ ಮೇಲೆ ಶುರುವಾಯಿತು ನಿಜವಾದ ಗೋಳು. ಹೆಣ್ಣುಮಕ್ಕಳ ಶೌಚಾಲಯ ಇರುವುದು ಆಡಳಿತ ಕಟ್ಟಡದಲ್ಲಿ, ಅದರ ಬೀಗ ತೆಗೆಯುವುದೇ ಹತ್ತಕ್ಕೆ. ಇನ್ನೊಂದು ಬೀಗದ ಕೈ ನಮ್ಮ ಕೌಂಟರಿಗೆ ಬರಲು ಮೂರು ಕಚೇರಿಗಳ ಸಹಿ ಬೇಕಾಯಿತು. ಹೆಚ್ಚಿನ ಸಿಬ್ಬಂದಿ ಬೇಕೆಂದು ಕೇಳಿದರೆ “ಅಡ್ಜಸ್ಟ್ ಮಾಡ್ಕೋರಿ” ಎಂಬ ಉತ್ತರ. ಔಟ್‌ಸೋರ್ಸ್ ಮೇಲಿರುವ ಕಾಕಾ ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆದು ರಾತ್ರಿ ಎಂಟಕ್ಕೆ ಹಾಕಬೇಕೆಂದರೆ ಅದು ಅಡ್ಜಸ್ಟ್‌ಮೆಂಟ್ ಅಲ್ಲ, ಅನ್ಯಾಯ. ಎರಡು ಪಾಳಿ ಎಂದು ಆದೇಶದಲ್ಲೇ ಬರೆಯದಿದ್ದರೆ ಸುತ್ತೋಲೆ ಹಾಕುವುದಿಲ್ಲ ಎಂದು ಕಡತದ ಮೇಲೆ ಟಿಪ್ಪಣಿ ಬರೆದೆ. ತಡವಾಯಿತು, ಮೇಲಿನವರಿಗೆ ಸಿಟ್ಟೂ ಬಂತು. ಆದರೆ ಎರಡನೆಯ ಪಾಳಿಗೆ ಒಬ್ಬರನ್ನು ಕೊಟ್ಟರು.

ಈಗ ಬಾಗಿಲಲ್ಲಿ ರಿಜಿಸ್ಟರ್ ಜೊತೆಗೆ ಪ್ರತಿ ಗಂಟೆಗೊಮ್ಮೆ ಕುರ್ಚಿ ಲೆಕ್ಕವನ್ನೂ ಬರೆಸುತ್ತಿದ್ದೇವೆ. ಹಾಸ್ಟೆಲ್ ಹಾಜರಿಯನ್ನು ಎಂಟೂವರೆಗೆ ಇಡಿ ಎಂಬ ಪತ್ರ ವಾರ್ಡನ್ ಕಚೇರಿಗೆ ಹೋಗಿದೆ, ಉತ್ತರ ಬಂದಿಲ್ಲ. ಪರೀಕ್ಷೆ ಮುಗಿಯುವುದರೊಳಗೆ ಇನ್ನೊಂದು ಪತ್ರ ಬರೆಯುತ್ತೇನೆ.