ಸಂತೆ ಹೊಂಡದ ಪುಟದಲ್ಲಿ ಜಪಾನಿನ ಜೋಡುಗಳು

ಮೂರು ವಾರಗಳಿಗೂ ಹೆಚ್ಚು ಕಾಲದ ನಂತರ, ನಿನ್ನೆ ರಾತ್ರಿ, ನಮ್ಮ ಕೆರೆ-ಹೊಂಡಗಳ ಜಾಲತಾಣವು ಗೂಗಲ್‌ಗಾಗಿ ಪುಟಗಳನ್ನು ಓದುತ್ತ ತಿರುಗುವ ಕ್ರಾಲರ್‌ಗೂ ನನಗೂ ಒಂದೇ ಪುಟವನ್ನು ತೋರಿಸಿತು. ಹೊರಗಿನವರಿಗೆ ಇದರಲ್ಲೇನು ಹೆಚ್ಚುಗಾರಿಕೆ ಎನ್ನಿಸಬಹುದು. ತನ್ನ ಒಡೆಯನಿಗೆ ಒಂದು ಮುಖ, ಹುಡುಕುಯಂತ್ರಕ್ಕೆ ಇನ್ನೊಂದು ಮುಖ ತೋರಿಸುವ ತಾಣವನ್ನು ಸಾಕಿದವರಿಗೆ ಮಾತ್ರ ನಾನೇಕೆ ಆ ಹೊತ್ತಿನಲ್ಲಿ ಎದ್ದು ಚಹಾ ಕಾಸಿಕೊಂಡೆನೆಂಬುದು ಅರ್ಥವಾದೀತು.

ಚಿತ್ರದುರ್ಗದ ಗೆಳೆಯರೊಬ್ಬರು ತಮ್ಮ ಮೊಬೈಲಿನಲ್ಲಿ ಸಂತೆ ಹೊಂಡವನ್ನು ಹುಡುಕಿದಾಗ ನಮ್ಮ ತಾಣದ ಹೆಸರಿನ ಕೆಳಗೆ ಜಪಾನಿ ಲಿಪಿಯ ನಾಲ್ಕು ಸಾಲುಗಳು ಮತ್ತು ಯಾವುದೋ ಕಾಲ್ಜೋಡಿನ ಬೆಲೆ ಕಾಣಿಸಿತು. ಅವರು ಕಳುಹಿಸಿದ ಸ್ಕ್ರೀನ್‌ಶಾಟ್‌ ನೋಡಿ ನಾನು ದಾವಣಗೆರೆಯಲ್ಲಿ ಕುಳಿತು ಅದೇ ಪುಟವನ್ನು ತೆರೆದೆ. ಹೊಂಡ ಇತ್ತು, ಮೆಟ್ಟಿಲುಗಳಿದ್ದವು, ಜೋಡುಗಳಿರಲಿಲ್ಲ. ಬಳಿಕ ಪುಟಗಳನ್ನು ತರಿಸುವ ಕರ್ಲ್ ಆಜ್ಞೆಯಲ್ಲಿ, ಕೇಳುವವರು ಯಾರೆಂದು ಹೇಳುವ ಯೂಸರ್ ಏಜೆಂಟನ್ನು ಗೂಗಲ್‌ಬಾಟ್ (ಗೂಗಲ್‌ನ ಕ್ರಾಲರ್) ಎಂದು ಬದಲಿಸಿ ಕೇಳಿದಾಗ 41 ಕೆಬಿ ಇರಬೇಕಾದ ಪುಟ 190 ಕೆಬಿ ತೂಗಿತು. ಬೇರೆಯವರ ತಾಣಕ್ಕೆ ನುಗ್ಗಿ ಹುಡುಕುಯಂತ್ರಕ್ಕೆ ಮಾತ್ರ ಜಪಾನಿ ಸರಕಿನ ಪುಟ ತೋರಿಸುವ, ಜಪಾನಿ ಕೀವರ್ಡ್ ಹ್ಯಾಕ್ ಎಂದು ಕರೆಯುವ ಹಳೆಯ ರೋಗವಿದು. ಹತ್ತು ದಿನ ಮೊದಲೇ, ತಾಣಗಳ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲಿನಿಂದ ನಿಮ್ಮ ತಾಣಕ್ಕೆ ಹೊಸ ಮಾಲೀಕರು ಸೇರಿದ್ದಾರೆ ಎಂಬ ಮಿಂಚಂಚೆ ಬಂದಿತ್ತು. ಅದನ್ನು ಜಾಹೀರಾತಿನ ರಾಶಿಗೆ ತಳ್ಳಿದ ಕೀರ್ತಿ ನನ್ನದೇ.

ಪಾಸ್‌ವರ್ಡ್ ಬದಲಾವಣೆ, ಕಾನ್ಫಿಗ್ ಕಡತದಲ್ಲಿ ಹೊಸ ಸಾಲ್ಟ್‌ಗಳು, ಅಡ್ಮಿನ್ ಬಳಕೆದಾರರ ಪಟ್ಟಿ, ಎಫ್‌ಟಿಪಿ ಖಾತೆಗಳು, ಕ್ರಾನ್ ಪಟ್ಟಿ, ಪ್ಲಗಿನ್ ಪಟ್ಟಿಯಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಎಂಯು-ಪ್ಲಗಿನ್ಸ್ ಫೋಲ್ಡರ್ ಇವೆಲ್ಲವನ್ನೂ ಮೊದಲ ದಿನವೇ ಮುಗಿಸಿದ್ದೆ. ಕಳ್ಳ ಸಾಮಾನ್ಯವಾಗಿ ಅವಿತಿರುವ ಜಾಗಗಳಿವು; ಬಲ್ಲವರಿಗೆ ಮತ್ತೆ ವಿವರಿಸುವುದಿಲ್ಲ. ತಾಣವನ್ನು ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶದ ಕಡತಗಳು ಬದಲಾಗಿವೆಯೇ ಎಂದು ನೋಡುವ ಡಬ್ಲ್ಯೂಪಿ-ಸಿಎಲ್‌ಐನ ಚೆಕ್‌ಸಮ್ ಪರೀಕ್ಷೆಯೂ ಎಲ್ಲ ಸರಿಯಾಗಿದೆ ಎಂದು ಹಸಿರು ಬಾವುಟ ತೋರಿಸಿತು. ಅದು ಸುಳ್ಳಾಡಲಿಲ್ಲ. ಆ ಆಜ್ಞೆ ಸಾಮಾನ್ಯವಾಗಿ ನೋಡುವುದು ವರ್ಡ್‌ಪ್ರೆಸ್‌ನ ಮೂಲ ಕಡತಗಳನ್ನು ಮತ್ತು ಅವುಗಳ ಎರಡು ಫೋಲ್ಡರುಗಳಲ್ಲಿ ಹೊಸಬರು ಸೇರಿದ್ದಾರೆಯೇ ಎಂಬುದನ್ನು ಮಾತ್ರ. ತಾಣದ ಬೇರುಫೋಲ್ಡರಿನಲ್ಲಿ ಬಂದು ಕುಳಿತ ಅಪರಿಚಿತರನ್ನೂ ವಿಚಾರಿಸು ಎಂದು ಬೇರೆಯಾಗಿ ಹೇಳಬೇಕು. ನಾನು ಹೇಳಿರಲಿಲ್ಲ.

ಅಲ್ಲಿ ಕುಳಿತಿದ್ದದ್ದು ಚುಕ್ಕಿಯಿಂದ ಆರಂಭವಾಗುವ ಯೂಸರ್ ಐಎನ್‌ಐ ಎಂಬ ಸೆಟ್ಟಿಂಗ್ ಕಡತ. ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯಲ್ಲಿ 5.3ನೆಯ ಆವೃತ್ತಿಯಿಂದ ಈ ಸೌಲಭ್ಯವಿದೆ: ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಹೋಸ್ಟಿಂಗ್‌ನಲ್ಲಿ ಮುಖ್ಯ ಪಿಎಚ್‌ಪಿ ಐಎನ್‌ಐ ನಮ್ಮ ಕೈಗೆ ಸಿಗುವುದಿಲ್ಲವಾದ್ದರಿಂದ, ಫೋಲ್ಡರಿಗೊಂದು ಚಿಕ್ಕ ಐಎನ್‌ಐ ಇಟ್ಟು ಕೆಲವು ಆಯ್ಕೆಗಳನ್ನು ಬದಲಿಸಿಕೊಳ್ಳಬಹುದು. ಅಂಥ ಆಯ್ಕೆಗಳಲ್ಲಿ ಆಟೋ ಪ್ರಿಪೆಂಡ್ ಫೈಲ್ ಒಂದು. ಅದರಲ್ಲಿ ಯಾವ ಕಡತದ ಹೆಸರಿದೆಯೋ ಅದು ಪ್ರತಿಯೊಂದು ಪಿಎಚ್‌ಪಿ ಕಡತಕ್ಕೂ ಮೊದಲು ಓಡುತ್ತದೆ. ವರ್ಡ್‌ಪ್ರೆಸ್ ಕಣ್ಣು ಬಿಡುವ ಮುಂಚೆಯೇ ಎಲ್ಲವೂ ಮುಗಿದುಹೋಗಿರುತ್ತದೆ; ಆದ್ದರಿಂದ ವರ್ಡ್‌ಪ್ರೆಸ್‌ನ ಒಳಗೆ ಎಷ್ಟು ಗುಡಿಸಿದರೂ ಕಸ ಸಿಗುವುದಿಲ್ಲ. ವರ್ಡ್‌ಫೆನ್ಸ್‌ನಂಥ ಫೈರ್‌ವಾಲ್‌ಗಳೂ ಇದೇ ಸಾಲನ್ನು ಬಳಸಿ ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಲ್ಲುತ್ತವೆ. ಕಳ್ಳನಿಗೂ ಕಾವಲುಗಾರನಿಗೂ ಒಂದೇ ಜಾಗ ಇಷ್ಟವಾದರೆ ಮನೆಯವನು ಯಾರನ್ನು ನಂಬಬೇಕು?

ನನ್ನ ದಡ್ಡತನ ಇಲ್ಲಿಂದ ಮೊದಲಾಯಿತು. ಆ ಸಾಲಿನಲ್ಲಿದ್ದ ಕಡತದ ಹೆಸರು ವರ್ಡ್‌ಫೆನ್ಸ್‌ನ ಕಡತದ್ದೇ ಎಂಬಂತೆ ಕಾಣುತ್ತಿತ್ತು. ಕೊನೆಯಲ್ಲಿ ಎ ಇರಬೇಕಾದಲ್ಲಿ ಎಸ್ ಇದ್ದುದು ರಾತ್ರಿ ಹನ್ನೊಂದೂವರೆಗೆ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೂ ಅನುಮಾನಕ್ಕೆಂದು ಐಎನ್‌ಐ ಕಡತವನ್ನು ಬೇರೆಡೆಗೆ ಸರಿಸಿ ಕೂಡಲೇ ಕರ್ಲ್ ಓಡಿಸಿದೆ. ಜೋಡುಗಳು ಹಾಗೆಯೇ ಬಂದವು. ಹಾಗಾದರೆ ಇದು ನಿರಪರಾಧಿ ಎಂದು ತೀರ್ಮಾನಿಸಿ, ನನ್ನ ಕೈಯಾರೆ ಅದನ್ನು ಮರಳಿ ಅದರ ಜಾಗದಲ್ಲಿಟ್ಟು, ಬೆಳಗಿನ ಜಾವದವರೆಗೆ ಡೇಟಾಬೇಸನ್ನು ಜಾಲಾಡಿದೆ. ಪಿಎಚ್‌ಪಿ ಈ ಐಎನ್‌ಐ ಕಡತವನ್ನು ಪ್ರತಿ ಸಲ ಓದುವುದಿಲ್ಲ, ಒಮ್ಮೆ ಓದಿದ್ದನ್ನು 300 ಸೆಕೆಂಡುಗಳವರೆಗೆ ನೆನಪಿನಲ್ಲಿಟ್ಟುಕೊಳ್ಳುತ್ತದೆ ಎಂಬ ಸಂಗತಿ ನನಗೆ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೇ. ಐದು ನಿಮಿಷ ಕಾಯದೆ ಐದು ಗಂಟೆ ಕಳೆದುಕೊಂಡೆ.

ಆ ಐದು ಗಂಟೆಗಳಲ್ಲಿ ಒಂದು ಲಾಭವೂ ಆಯಿತು. ಡೇಟಾಬೇಸಿನಲ್ಲಿ ಪುಟಗಳ ವಿಳಾಸದ ಅಂಕಣವನ್ನು ನೋಡುವಾಗ ಅರ್ಧಕ್ಕೇ ತುಂಡಾದ ಕನ್ನಡ ಹೆಸರುಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲಿರುವುದು 200 ಅಕ್ಷರಗಳ ಜಾಗ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ, ವಿಳಾಸಕ್ಕೆಂದು ಶೇಕಡಾ ಚಿಹ್ನೆಯ ಸಂಕೇತಕ್ಕೆ ತಿರುಗಿಸಿದಾಗ ಅದು ಒಂಬತ್ತು ಅಕ್ಷರಗಳಾಗುತ್ತದೆ. ಒತ್ತು, ಗುಣಿತ, ವಿರಾಮಗಳೂ ಪ್ರತ್ಯೇಕ ಚಿಹ್ನೆಗಳೇ ಆದ್ದರಿಂದ 22 ಚಿಹ್ನೆಗಳಿಗೆ ಜಾಗ ಮುಗಿಯುತ್ತದೆ; ಚಿತ್ರದುರ್ಗ ಎಂಬ ಒಂದು ಪದಕ್ಕೇ ಹತ್ತು ಬೇಕು. ಇದನ್ನು ನೋಡಿದ ರಾತ್ರಿಯೇ ಮುಂದಿನ ಯೋಜನೆ ನಿಶ್ಚಯವಾಯಿತು: ಇಡೀ ತಾಣವನ್ನು ಹ್ಯೂಗೋ ಎಂಬ ಪುಟ ಕಟ್ಟುವ ಸಾಧನಕ್ಕೆ ಒಯ್ಯುವುದು. ಸರ್ವರಿನಲ್ಲಿ ಪಿಎಚ್‌ಪಿಯೂ ಇಲ್ಲ, ಡೇಟಾಬೇಸೂ ಇಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಪುಟಗಳನ್ನು ಕಟ್ಟಿ ಬರಿಯ ಎಚ್‌ಟಿಎಂಎಲ್ ಏರಿಸುವುದು. ನಕ್ಷೆಗೆ ಲೀಫ್‌ಲೆಟ್ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್. ಉಳಿಯುವ ಕಗ್ಗಂಟು ಹುಡುಕಾಟದ್ದು. ಹೊಂಡ ಎಂದು ಹುಡುಕಿದವರಿಗೆ ಹೊಂಡದಲ್ಲಿ, ಹೊಂಡಕ್ಕೆ, ಹೊಂಡಗಳ ಎಂಬ ಪದಗಳಿರುವ ಪುಟಗಳೂ ಸಿಗಬೇಕಾದರೆ ವಿಭಕ್ತಿಗಳನ್ನು ಸವರಿ ಹಾಕುವ ಪಟ್ಟಿಯೊಂದನ್ನು ನಾನೇ ಮಾಡಬೇಕು, ಮಾಡುವಾಗ ಕೆರೆಗೆ ಎಂಬುದರಲ್ಲಿ ಗೆ ಕತ್ತರಿಸಿ, ಬೇಸಿಗೆ ಎಂಬುದರ ಗೆಯನ್ನು ಕತ್ತರಿಸದಂತೆ ನೋಡಿಕೊಳ್ಳಬೇಕು. ಅದರ ಕಥೆ ಇನ್ನೊಮ್ಮೆ.

ಎರಡನೆಯ ವಾರ ಎ ಮತ್ತು ಎಸ್‌ಗಳ ವ್ಯತ್ಯಾಸ ಕಂಡಿತು. ಸಿಟ್ಟಿನಲ್ಲಿ ಮೊದಲು ಆ ಕಳ್ಳ ಕಡತವನ್ನೇ ಅಳಿಸಿದೆ. ಐಎನ್‌ಐ ಇನ್ನೂ ಪಿಎಚ್‌ಪಿಯ ನೆನಪಿನಲ್ಲಿತ್ತು, ಅದು ಹೇಳಿದ ಕಡತ ಮಾತ್ರ ಇರಲಿಲ್ಲ. ಪರಿಣಾಮವಾಗಿ ಇಡೀ ತಾಣ ಬಿಳಿ ಹಾಳೆಯಾಯಿತು. ಮಾಡಬೇಕಾದ ಕ್ರಮವೆಂದರೆ ಕಳ್ಳ ಕಡತವನ್ನು ಖಾಲಿ ಮಾಡಿ ಹಾಗೆಯೇ ಬಿಡುವುದು, ಐಎನ್‌ಐಯ ಸಾಲನ್ನು ತೆಗೆಯುವುದು, ಐದು ನಿಮಿಷ ಕಳೆದ ಮೇಲೆ ಎರಡನ್ನೂ ಅಳಿಸುವುದು. ಅಂತೂ ಜೋಡುಗಳು ಹೋದವು. ಮೂರು ದಿನ ಬಿಟ್ಟು ಮರಳಿ ಬಂದವು. ಅಳಿಸಿದೆ, ಎರಡು ದಿನಕ್ಕೆ ಬಂದವು. ಐಎನ್‌ಐ ಹೆಸರಿನಲ್ಲಿ ಖಾಲಿ ಕಡತವೊಂದನ್ನು ಮಾಡಿ ಅದಕ್ಕೆ ಓದಲು ಮಾತ್ರ ಬಿಡುವ 444ರ ಅನುಮತಿ ಕೊಟ್ಟು, ಇನ್ನು ಯಾರು ಬರೆಯುತ್ತಾರೋ ನೋಡೋಣ ಎಂದು ಬೀಗಿದೆ. ಬರೆಯುವವನು ಖಾತೆಯ ಒಡೆಯನಾಗಿಯೇ ಓಡುತ್ತಿದ್ದರೆ ಆ ಬೀಗದ ಕೈ ಅವನ ಜೇಬಿನಲ್ಲಿಯೇ ಇರುತ್ತದೆ. ಅನುಮತಿಯನ್ನು ಬದಲಿಸಿ, ಬರೆದು, ಪುನಃ 444 ಮಾಡಿಟ್ಟು ಹೋಗುವಷ್ಟು ಶಿಸ್ತು ಅವನಿಗಿತ್ತು.

ಹೋಸ್ಟಿಂಗ್ ಕೊಟ್ಟವರ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ಮೊದಲ ವರ್ಷದ ಅಗ್ಗದ ದರ ಎರಡನೆಯ ವರ್ಷಕ್ಕೆ ಮೂರು ಪಟ್ಟಾಗುವುದು ಈ ವ್ಯಾಪಾರದ ಧರ್ಮವೆಂದು ಒಪ್ಪಿಕೊಂಡಿದ್ದೇನೆ. ಜಾಗಕ್ಕೆ ಮಿತಿಯೇ ಇಲ್ಲ ಎಂದು ಮಾರಿ, ಕಡತಗಳ ಸಂಖ್ಯೆಗೆ ಮಿತಿ ಹಾಕುವುದು ಮಾತ್ರ, ಅಕ್ಕಿ ಎಷ್ಟು ಬೇಕಾದರೂ ಒಯ್ಯಿರಿ, ಕಾಳು ಮಾತ್ರ ಎಣಿಸುತ್ತೇವೆ ಎಂದಂತೆ. ಬ್ಯಾಕಪ್ ಏಳು ದಿನದ್ದು ಮಾತ್ರ, ರೋಗ ತಿಳಿಯುವ ವೇಳೆಗೆ ಏಳಕ್ಕೆ ಏಳೂ ರೋಗಿಗಳು. ಸಹಾಯಕೇಂದ್ರಕ್ಕೆ ಬರೆದಾಗ, ಸರ್, ನಿಮ್ಮ ಬ್ರೌಸರ್ ಕ್ಯಾಶ್ ಅಳಿಸಿ ನೋಡಿ ಎಂಬ ಉತ್ತರ ಬಂತು. ಮರುದಿನ ಬಂದದ್ದು ವರ್ಷಕ್ಕಿಷ್ಟು ಹಣ ಕಟ್ಟಿದರೆ ಮಾಲ್‌ವೇರ್ ತೆಗೆಯುತ್ತೇವೆ ಎಂಬ ದರಪಟ್ಟಿ. ಆದರೆ ನನ್ನ ತಪ್ಪನ್ನೂ ಹೇಳಬೇಕು: ನಿಮ್ಮ ಸರ್ವರಿನ ನೆರೆಯ ಖಾತೆಯಿಂದಲೇ ಇದು ಬರುತ್ತಿದೆ ಎಂದು ನಾನು ಮೂರು ಪ್ಯಾರಾಗಳ ಆರೋಪಪತ್ರವನ್ನೇ ಕಳುಹಿಸಿದ್ದೆ. ಅದು ಸುಳ್ಳಾಗಿತ್ತು.

ಗಂಟು ಬಿಚ್ಚಿದ್ದು ಕಡತದ ಸಮಯದಿಂದ. ಪಟ್ಟಿಯಲ್ಲಿ ಕಳ್ಳ ಕಡತದ ತಾರೀಖು 2019 ಎಂದೇ ತೋರುತ್ತಿತ್ತು, ಅಕ್ಕಪಕ್ಕದ ಹಳೆಯ ಕಡತಗಳೊಡನೆ ಬೆರೆತುಹೋಗಲೆಂದು ಟಚ್ ಆಜ್ಞೆಯಿಂದ ಹಿಂದಕ್ಕೆ ಸರಿಸಿದ್ದರು. ಪಟ್ಟಿಯಲ್ಲಿ ಕಾಣುವ ಈ ತಾರೀಖನ್ನು, ಅಂದರೆ ಎಂಟೈಮನ್ನು, ಹಾಗೆ ಯಾರಾದರೂ ತಿದ್ದಬಹುದು. ಸಿಟೈಮ್ ಹಾಗಲ್ಲ, ಕಡತದ ವಿವರ ಬದಲಾದ ಗಳಿಗೆಯನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ತಾನೇ ಬರೆದುಕೊಳ್ಳುತ್ತದೆ. ತಾರೀಖು ತಿದ್ದಿದ ಕೆಲಸವೂ ಅಲ್ಲಿ ದಾಖಲಾಗುತ್ತದೆ. ಫೈಂಡ್ ಆಜ್ಞೆಯನ್ನು ಸಿಟೈಮ್ ಲೆಕ್ಕದಲ್ಲಿ ಓಡಿಸಿದಾಗ ಸರ್ವರಿನ ಗಡಿಯಾರದಲ್ಲಿ 02:17 ಎಂದು ಬಂತು. ಸರ್ವರ್ ಯುಟಿಸಿಯಲ್ಲಿದ್ದುದರಿಂದ ನಮ್ಮ ಬೆಳಗಿನ 7.47. ಆ ಹೊತ್ತಿನಲ್ಲಿ ನಾನು ಬೆಣ್ಣೆ ದೋಸೆಯ ಸರತಿಯಲ್ಲಿ ನಿಂತಿದ್ದೆ.

ಸಮಯ ಸಿಕ್ಕಿತು, ಆಸಾಮಿ ಸಿಗಲಿಲ್ಲ. ಬಂದುಹೋದವರನ್ನು ದಾಖಲಿಸುವ ತಾಣದ ಆಕ್ಸೆಸ್ ಲಾಗ್‌ನಲ್ಲಿ 02:17ರ ಸುತ್ತಮುತ್ತ ಒಂದೂ ಪೋಸ್ಟ್ ಕೋರಿಕೆ, ಅಂದರೆ ಹೊರಗಿನಿಂದ ಏನನ್ನಾದರೂ ಕಳುಹಿಸುವ ಕೋರಿಕೆ, ಇರಲಿಲ್ಲ. ಹೊರಗಿನಿಂದ ಯಾರೂ ಬಾಗಿಲು ತಟ್ಟಿಲ್ಲ, ಆದರೂ ಒಳಗೆ ಕಡತ ಹುಟ್ಟುತ್ತಿದೆ. ನೆರೆಯ ಖಾತೆಯ ಮೇಲೆ ನನಗೆ ಅನುಮಾನ ಬಂದದ್ದು ಇದರಿಂದಲೇ. ದುರ್ಗದ ಗೆಳೆಯರಿಗೆ ಹೇಳಿದಾಗ ಅವರು ನಿರೀಕ್ಷೆಯಂತೆಯೇ ಓಬವ್ವನ ಕಿಂಡಿಯನ್ನು ತಂದರು. ಆ ಊರಿನವರಿಗೆ ಭದ್ರತೆಯ ಯಾವ ಮಾತು ಬಂದರೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಕಿಂಡಿಯಾದರೆ ಒನಕೆ ಹಿಡಿದು ಕಾಯಬಹುದು, ನನ್ನಲ್ಲಿ ಕಿಂಡಿಯೇ ಕಾಣುತ್ತಿಲ್ಲವಲ್ಲ ಎಂದೆ. ಅದಕ್ಕವರು, "ನಿಮ್ದು ಒಂದೇ ಕೋಟೆ ಏನ್ರೀ? ಮೊದ್ಲು ಇನ್ನೊಂದು ಮಾಡಿದ್ರಲ್ಲ, ಆ ನುಡಿ ಅಕ್ಷರ ಬದಲಾಯ್ಸೋದಕ್ಕೆ," ಎಂದರು.

ಮಾಡಿದ್ದೆ. ನುಡಿ ಲಿಪಿಯಲ್ಲಿದ್ದ ಹಳೆಯ ಬರಹಗಳನ್ನು ಯೂನಿಕೋಡಿಗೆ ತಿರುಗಿಸಿ ನೋಡಲೆಂದು 2019ರಲ್ಲಿ ಹಳೆ ಎಂಬ ಹೆಸರಿನ ಸಬ್‌ಡೊಮೇನ್ ಒಂದನ್ನು ಮಾಡಿ, ಅದರಲ್ಲಿ ಇನ್ನೊಂದು ವರ್ಡ್‌ಪ್ರೆಸ್ ಇಳಿಸಿ, ಕೆಲಸ ಮುಗಿದ ಮೇಲೆ ಮರೆತಿದ್ದೆ. ಹೋಸ್ಟಿಂಗ್ ಖಾತೆಯನ್ನು ನಿಭಾಯಿಸುವ ಸಿಪ್ಯಾನೆಲ್ ಪ್ರತಿ ಸಬ್‌ಡೊಮೇನಿಗೂ ಪ್ರತ್ಯೇಕ ಲಾಗ್ ಬರೆಯುತ್ತದೆ. ನಾನು ಎರಡು ವಾರ ಓದಿದ್ದು ಮುಖ್ಯ ತಾಣದ ಲಾಗನ್ನು ಮಾತ್ರ. ಹಳೆಯದರ ಲಾಗ್ ತೆರೆದರೆ 02:17ಕ್ಕೆ ಸರಿಯಾಗಿ ಒಂದು ಪೋಸ್ಟ್, ಉತ್ತರ 200, ಅಂದರೆ ಕೋರಿಕೆ ಈಡೇರಿದೆ. ಎರಡು ದಿನ ಹಿಂದೆ ಇನ್ನೊಂದು, ಅದಕ್ಕೂ ಮೂರು ದಿನ ಹಿಂದೆ ಮತ್ತೊಂದು. ಎಲ್ಲವೂ ಅಪ್‌ಲೋಡ್ಸ್ ಫೋಲ್ಡರಿನೊಳಗಿನ ಒಂದು ಪಿಎಚ್‌ಪಿ ಕಡತಕ್ಕೆ. ಚಿತ್ರಗಳಿರಬೇಕಾದ ಫೋಲ್ಡರಿನಲ್ಲಿ ಪಿಎಚ್‌ಪಿಗೇನು ಕೆಲಸ?

ಅದು ಒಳಬಂದ ದಾರಿಯೂ ಊಹೆಗೆ ನಿಲುಕಿತು. ಆ ಹಳೆಯ ತಾಣದಲ್ಲಿ ಕಡತ ನಿರ್ವಹಣೆಯ ಪ್ಲಗಿನ್ ಒಂದಿತ್ತು. 2020ರ ಸೆಪ್ಟೆಂಬರಿನಲ್ಲಿ ಎಲ್ಲರೂ ಓಡೋಡಿ ನವೀಕರಿಸಿದ್ದು ಅದನ್ನೇ. ಅದರೊಳಗಿನ ಸಿದ್ಧ ಕೋಡಿನ ಕಟ್ಟಿನಲ್ಲಿ (ಲೈಬ್ರರಿಯಲ್ಲಿ) ಮಾದರಿಗೆಂದು ಇಟ್ಟಿದ್ದ, ನೇರವಾಗಿ ಓಡಬಾರದ ಕಡತದ ಹೆಸರಿನ ಬಾಲವನ್ನು ಯಾರೋ ಪಿಎಚ್‌ಪಿ ಎಂದು ಬದಲಿಸಿಬಿಟ್ಟಿದ್ದರಿಂದ, ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಯಾವ ಕಡತವನ್ನಾದರೂ ಏರಿಸಬಹುದಾಗಿತ್ತು. ನನ್ನ ಪ್ರತಿ ಅಂದಿನಿಂದ ನವೀಕರಣ ಕಂಡಿರಲಿಲ್ಲ. ಒಂದೇ ಸಿಪ್ಯಾನೆಲ್ ಖಾತೆಯ ಎಲ್ಲ ತಾಣಗಳೂ ಒಬ್ಬನೇ ಬಳಕೆದಾರನ ಹೆಸರಿನಲ್ಲಿ ಓಡುವುದರಿಂದ ಹಳೆಯ ಮನೆಯಲ್ಲಿದ್ದವನಿಗೆ ಹೊಸ ಮನೆಯ ಅಡುಗೆಮನೆಯವರೆಗೂ ದಾರಿ ತೆರೆದೇ ಇತ್ತು. ಸಹಾಯಕೇಂದ್ರದವರಲ್ಲಿ ಕ್ಷಮೆ ಕೇಳಿ ಬರೆದೆ. ಟಿಕೆಟ್ ಮುಚ್ಚಿದ್ದೇವೆ, ನಮಗೆ ಐದು ನಕ್ಷತ್ರ ಕೊಡಿ ಎಂದರು.

ಉಳಿದದ್ದು ಬೇಗ ಮುಗಿಯಿತು. ಹಳೆಯ ತಾಣದ ಕೋಡನ್ನು ಸಾಕ್ಷಿಗೆಂದು ಒಂದೇ ಕಟ್ಟಾಗಿ (ಟಾರ್) ಮಾಡಿ ಇಳಿಸಿಕೊಂಡು, ಭಾರವಾಗಿದ್ದ ಅಪ್‌ಲೋಡ್ಸ್ ಫೋಲ್ಡರನ್ನು ಬಿಟ್ಟು, ಸಬ್‌ಡೊಮೇನನ್ನು ಬೇರುಸಹಿತ ಅಳಿಸಿದೆ. ಮುಖ್ಯ ತಾಣದ ಅಪ್‌ಲೋಡ್ಸ್‌ನಲ್ಲಿ ಪಿಎಚ್‌ಪಿ ಓಡದಂತೆ ಎಚ್‌ಟಿಆಕ್ಸೆಸ್‌ನಲ್ಲಿ ತಡೆದೆ, ಲಾಗ್‌ಗಳನ್ನು ತಿಂಗಳುಗಟ್ಟಲೆ ಉಳಿಸುವ ಆಯ್ಕೆಗೆ ಗುರುತು ಹಾಕಿದೆ. ಸರ್ಚ್ ಕನ್ಸೋಲಿನ ಅಪರಿಚಿತ ಮಾಲೀಕನ ದೃಢೀಕರಣ ಕಡತವನ್ನು ಹುಡುಕಿ ಸಾಕಾಗಿತ್ತು. ಅದು ಡಿಸ್ಕಿನಲ್ಲಿ ಇರಲೇ ಇಲ್ಲ, ಗೂಗಲ್ ಕೇಳಿದಾಗ ಕಳ್ಳ ಕಡತವೇ ಸ್ಥಳದಲ್ಲೇ ತಯಾರಿಸಿ ಕೊಡುತ್ತಿತ್ತು. ಅದು ಹೋದ ಮೇಲೆ ಆ ಮಾಲೀಕನನ್ನು ತೆಗೆದುಹಾಕಿದೆ. ಜೋಡಿನ ವಿಳಾಸಗಳೆಲ್ಲ ಈಗ 410, ಅಂದರೆ ಇಲ್ಲಿದ್ದದ್ದು ಹೋಯಿತು, ಎನ್ನುತ್ತವೆ. ಸರ್ಚ್ ಕನ್ಸೋಲಿನ ತೆಗೆದುಹಾಕುವ ಸಾಧನದಿಂದ ಅವನ್ನು ಸುಮಾರು ಆರು ತಿಂಗಳು ಮರೆಮಾಚಿದ್ದೇನೆ, ಅಷ್ಟರೊಳಗೆ ಗೂಗಲ್ ಮರೆತೀತು. ಸಬ್‌ಡೊಮೇನ್ ಅಳಿಸಿ ಹತ್ತು ದಿನಗಳಾದವು, ಐಎನ್‌ಐ ಹುಟ್ಟಿಲ್ಲ, ನಿನ್ನೆ ರಾತ್ರಿ ಎರಡೂ ಏಜೆಂಟುಗಳಿಗೆ 41 ಕೆಬಿಯೇ ಬಂತು.

ಆ ಸಂತೋಷದಲ್ಲಿ ಎಲ್ಲ ಪುಟಗಳನ್ನೂ ಒಮ್ಮೆ ತಿರುವಿ ಹಾಕಿದಾಗ ಸಿಹಿನೀರು ಹೊಂಡದ ಪುಟದಲ್ಲಿ ಹನ್ನೊಂದು ಚೌಕಗಳು ಖಾಲಿಯಿದ್ದವು. ಆ ಚಿತ್ರಗಳನ್ನು ನಾನು ಎಂದೋ ಹಳೆಯ ತಾಣದ ಅಪ್‌ಲೋಡ್ಸ್‌ನಿಂದಲೇ ಜೋಡಿಸಿದ್ದೆ. ಏಳು ದಿನದ ಬ್ಯಾಕಪ್ ಮೂರು ದಿನದ ಹಿಂದೆ ಅವನ್ನು ದಾಟಿ ಹೋಗಿದೆ. ದುರ್ಗಕ್ಕೆ ಇಲ್ಲಿಂದ 60 ಕಿಲೋಮೀಟರ್. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುನ್ನ ಹೊಂಡದ ಮೆಟ್ಟಿಲ ಮೇಲಿರಬೇಕು, ಕ್ಯಾಮೆರಾ ಚಾರ್ಜಿಗೆ ಹಾಕಿದ್ದೇನೆ.